ಕ್ಲಿಕ್ಕಿಗೂ ಮೊದಲೇ ಹೊಲಿದ ಕುಲಾವಿ

ಪರದೆಯ ಮೇಲೊಂದು ಸುದ್ದಿಯ ತಲೆಬರಹ. ಓದಲೋ ಬೇಡವೋ ಎಂದು ಯೋಚಿಸುತ್ತ ಮೌಸಿನ ಬಾಣವನ್ನು ಅದರ ಮೇಲೆ ತಂದು ನಿಲ್ಲಿಸುತ್ತೀರಿ. ಇನ್ನೂ ಒತ್ತಿಲ್ಲ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬಾಣ ಅಲ್ಲೇ ನಿಂತರೆ ಸಾಕು, ಇವರು ಇದನ್ನು ತೆರೆಯುವವರೇ ಎಂದು ಬ್ರೌಸರ್ ತೀರ್ಮಾನಿಸಿಬಿಡಬಹುದು. ನಿಮ್ಮ ಅಪ್ಪಣೆಗೆ ಕಾಯದೆ ದೂರದ ಸರ್ವರಿಗೆ ಹೇಳಿಕಳಿಸಿ ಪುಟವನ್ನು ತರಿಸಿಕೊಳ್ಳುತ್ತದೆ. ನೀವು ಒತ್ತಿದಿರೋ, ಪುಟ ಥಟ್ಟನೆ ತೆರೆಯುತ್ತದೆ. ಎಷ್ಟು ಚುರುಕಪ್ಪಾ ಈ ಜಾಲತಾಣ ಅಂದುಕೊಳ್ಳುತ್ತೀರಿ. ಒತ್ತದೆ ಬಾಣವನ್ನು ಆಚೆ ಸರಿಸಿದಿರೋ, ಬಂದ ಪುಟ ಯಾರ ಕಣ್ಣಿಗೂ ಬೀಳದೆ ಕಸಕ್ಕೆ ಹೋಗುತ್ತದೆ.

ಎಲ್ಲ ತಾಣಗಳಲ್ಲೂ ಹೀಗಾಗುವುದಿಲ್ಲ. ಇಲ್ಲಿ ಮುಂಗಡವಾಗಿ ತರಬಹುದು ಎಂದು ತಾಣ ಕಟ್ಟಿದವರು ಬ್ರೌಸರಿಗೆ ಹೇಳಿರಬೇಕು. ಹಾಗೆ ಹೇಳುವವರಲ್ಲಿ ನಾನೂ ಒಬ್ಬಳು. ಶಿರಸಿಯಲ್ಲಿ ಕೂತು ಪುಸ್ತಕದಂಗಡಿ, ಸಹಕಾರಿ ಸಂಘ, ಹೋಮ್‌ಸ್ಟೇಗಳಿಗೆ ಜಾಲತಾಣ ಕಟ್ಟಿಕೊಡುವುದು ನನ್ನ ಕಸುಬು. ಬಣ್ಣ, ಅಕ್ಷರ, ಲೋಗೋ ವಿಚಾರದಲ್ಲಿ ಗಿರಾಕಿಗಳ ರುಚಿ ಬೇರೆಬೇರೆ. ಒಂದು ಬೇಡಿಕೆ ಮಾತ್ರ ಎಲ್ಲರದೂ ಒಂದೇ: "ಸೈಟು ಬೇಗ ಓಪನ್ ಆಗಬೇಕು ನೋಡಿ, ಜನ ಕಾಯೋದಿಲ್ಲ."

ಬೇಗ ತೆರೆಸಲು ಇರುವ ಉಪಾಯಗಳಲ್ಲಿ ಈ ಮುಂಗಡ ತರುವಿಕೆ, ಅಂದರೆ ನಮ್ಮ ವೃತ್ತಿಯವರ ಬಾಯಲ್ಲಿ ಪ್ರಿಫೆಚ್, ಅತ್ಯಂತ ಆಕರ್ಷಕವಾದದ್ದು. ಅಷ್ಟೇ ಕಿತಾಪತಿಯದ್ದೂ ಹೌದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಇದು. ಕೂಸು ಬಂದರೆ ಎಲ್ಲರಿಗೂ ಸಂತೋಷ. ಬಾರದಿದ್ದರೆ ಬಟ್ಟೆಯ ದುಡ್ಡು, ದರ್ಜಿಯ ಕೂಲಿ ಯಾರ ತಲೆಗೆ? ಜಾಲತಾಣಗಳ ವೇಗದ ಬಗ್ಗೆ ಯಾರು ಏನೇ ಹೊಸ ಜಾದೂ ತಂದರೂ ನಾನು ಮೊದಲು ಕೇಳುವುದು ಇದನ್ನೇ.

ಪುಟ ತಡವಾಗುವುದೇಕೆ ಎಂದು ಕೇಳಿದರೆ ಹೆಚ್ಚಿನವರು ನೆಟ್ ಸ್ಪೀಡಿನ ಕಡೆ ಬೆರಳು ತೋರಿಸುತ್ತಾರೆ. ಪ್ಲ್ಯಾನ್ ದೊಡ್ಡದು ಮಾಡಿಸಿದರೆ ಸಿನಿಮಾ ಬೇಗ ಇಳಿಯುತ್ತದೆ ನಿಜ, ಪುಟ ತೆರೆಯುವುದರಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕಾರಣ ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ದೂರವೇ 13,000 ಕಿಲೋಮೀಟರಿಗೂ ಹೆಚ್ಚು. ಹೋಗಿ ಬರಲು, ಯಾವ ಅಡ್ಡಿಯೂ ಇಲ್ಲದಿದ್ದರೂ, 130 ಮಿಲಿಸೆಕೆಂಡು ಬೇಕೇಬೇಕು. ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ 200 ದಾಟುತ್ತದೆ. ಹೊಸ ಸರ್ವರಿನ ಜೊತೆ ಮಾತು ಶುರುಮಾಡಲು ಒಂದು ಸುತ್ತು, ಮಾತನ್ನು ಗೂಢಲಿಪಿಗೆ ಹಾಕಿಕೊಳ್ಳಲು ಇನ್ನೊಂದು ಸುತ್ತು, ಪುಟ ಕೇಳಿ ಪಡೆಯಲು ಮತ್ತೊಂದು. ಅಷ್ಟರಲ್ಲೇ ಅರ್ಧ ಸೆಕೆಂಡು ಮೀರಿತು. ಆಮೇಲೆ ಚಿತ್ರ, ಅಕ್ಷರವಿನ್ಯಾಸ, ಸ್ಕ್ರಿಪ್ಟು ಎಂದು ಒಂದೊಂದಕ್ಕೂ ಬೇಡಿಕೆ ಹೊರಡುತ್ತದೆ.

ಸರ್ವರನ್ನೇ ಓದುಗರ ಹತ್ತಿರ ತಂದಿಡುವುದು ಇದಕ್ಕೆ ಒಂದು ಪರಿಹಾರ. ಕನ್ನಡ ವಿಕಿಪೀಡಿಯದ ಪುಟಗಳು ನಮಗೆ ಸಾಮಾನ್ಯವಾಗಿ ಸಿಂಗಪುರದಿಂದ ಬರುತ್ತವೆ. ವಿಕಿಮೀಡಿಯ ಸಂಸ್ಥೆ 2018ರಲ್ಲಿ ಅಲ್ಲಿ ತನ್ನ ಕೇಂದ್ರವೊಂದನ್ನು ತೆರೆಯಿತು. ಆದರೆ ನಮ್ಮ ಕಡೆ, ಗುಡ್ಡದ ಈ ಮಗ್ಗುಲಿಗೆ ಬಂದರೆ ಸಿಗ್ನಲ್ಲಿನ ಒಂದೇ ಗೆರೆ ಉಳಿಯುವಲ್ಲಿ, ಫೋನಿನಿಂದ ಟವರಿನ ತನಕದ ದಾರಿಯೇ ಸಿಂಗಪುರಕ್ಕಿಂತ ದೂರ. ಆ ಕೊನೆಯ ತುಂಡನ್ನು ಯಾವ ಡೇಟಾ ಸೆಂಟರೂ ಗಿಡ್ಡ ಮಾಡಲಾರದು. ಉಳಿಯುವುದು ಒಂದೇ ದಾರಿ, ಬೇಗ ಹೊರಡುವುದು. ಹತ್ತನೇ ಒಂದು ಸೆಕೆಂಡಿನೊಳಗೆ ಉತ್ತರ ಬಂದರೆ ಮನುಷ್ಯನಿಗೆ ಅದು ತಕ್ಷಣ ಬಂದಂತೆ ಅನ್ನಿಸುತ್ತದೆ ಎಂದು ತಂತ್ರಾಂಶಗಳ ಬಳಕೆಯೋಗ್ಯತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ದೂರದ ಸರ್ವರು ಆ ಗೆರೆಯೊಳಗೆ ಉತ್ತರಿಸಬೇಕೆಂದರೆ ಪ್ರಶ್ನೆ ಕೇಳುವ ಮೊದಲೇ ಉತ್ತರ ಹೊರಟಿರಬೇಕು.

ಹೊರಡಿಸುವುದು ಯಾರ ಮಾತಿನ ಮೇಲೆ? 1996ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬಂತು. ಬರೆದವರಲ್ಲಿ ಒಬ್ಬರು ಆಗ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ವೆಂಕಟ ಪದ್ಮನಾಭನ್, ಇನ್ನೊಬ್ಬರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಜೆಫ್ರಿ ಮೊಗುಲ್. ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು, 2016ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನೂ ಪಡೆದರು. ಆ ಇಬ್ಬರ ಯೋಜನೆ ಸರಳವಾಗಿತ್ತು. ಒಂದು ಪುಟ ನೋಡಿದವರು ಮುಂದೆ ಯಾವುದಕ್ಕೆ ಹೋಗುತ್ತಾರೆ ಎಂಬುದು ಸಾವಿರಾರು ಜನರನ್ನು ಕಂಡ ಸರ್ವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದು ಸುಳಿವು ಕೊಡಲಿ. ತನ್ನ ಹತ್ತಿರ ಈಗಾಗಲೇ ಏನಿದೆ, ತನ್ನ ತಂತಿಗೆ ಎಷ್ಟು ತ್ರಾಣವಿದೆ ಎಂಬುದು ಓದುಗನ ಯಂತ್ರಕ್ಕೆ ಗೊತ್ತು. ತರಬೇಕೋ ಬೇಡವೋ ಅದು ನಿರ್ಧರಿಸಲಿ. ಕಾಯುವ ಹೊತ್ತು ಕಡಿಮೆಯಾಗುತ್ತದೆ, ಬದಲಿಗೆ ತಂತಿಯ ಮೇಲಿನ ಹೊರೆ ಏರುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಸುಮಾರು ಮೂವತ್ತು ವರ್ಷ ಕಳೆದು, ನಡುವೆ ಅನೇಕ ಕಂಪನಿಗಳು ಬೇರೆಬೇರೆ ದಾರಿ ಹಿಡಿದು ಎಡವಿ, ಇವತ್ತು ನಾವು ಬಂದು ನಿಂತಿರುವುದು ಹೆಚ್ಚುಕಡಿಮೆ ಇದೇ ಏರ್ಪಾಟಿಗೆ: ಒಬ್ಬರು ಸುಳಿವು ಕೊಡುವುದು, ಇನ್ನೊಬ್ಬರು ನಿರ್ಧರಿಸುವುದು.

ಎಡವಿದವುಗಳಲ್ಲಿ ನನಗೆ ಬಲು ಇಷ್ಟವಾದದ್ದು 2005ರ ಕಥೆ. ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ತಪ್ಪದೆ ಹೇಳುತ್ತೇನೆ.

ಆ ವರ್ಷದ ಮೇ ತಿಂಗಳ ಮೊದಲ ವಾರ ಗೂಗಲ್ ಸಂಸ್ಥೆ 'ವೆಬ್ ಆಕ್ಸಲರೇಟರ್' ಎಂಬ ಪುಟ್ಟ ತಂತ್ರಾಂಶವನ್ನು ಪುಕ್ಕಟೆಯಾಗಿ ಬಿಟ್ಟಿತು. ಬ್ರೌಸರಿನ ಜೊತೆ ಕೂತು, ನೀವು ನೋಡುತ್ತಿರುವ ಪುಟದಲ್ಲಿನ ಲಿಂಕುಗಳನ್ನು ತಾನಾಗಿಯೇ ಮುಂಗಡವಾಗಿ ತೆರೆದು ಇಟ್ಟುಕೊಳ್ಳುವುದು ಅದರ ಕೆಲಸಗಳಲ್ಲೊಂದು. ಬ್ರಾಡ್‌ಬ್ಯಾಂಡ್ ಇದ್ದವರಿಗೇ ಇದು ಹೆಚ್ಚು ಪ್ರಯೋಜನ ಎಂದು ಅವರೇ ಹೇಳಿದ್ದರು. ಆಗಲೇ ವೇಗವಿದ್ದವರಿಗೆ ಇನ್ನಷ್ಟು ವೇಗ! ಅದೇ ವಾರ ಷಿಕಾಗೋದ 37ಸಿಗ್ನಲ್ಸ್ ಕಂಪನಿ 'ಬ್ಯಾಕ್‌ಪ್ಯಾಕ್' ಎಂಬ ತಾಣ ಶುರುಮಾಡಿತ್ತು. ಟಿಪ್ಪಣಿ, ಮಾಡಬೇಕಾದ ಕೆಲಸಗಳ ಪಟ್ಟಿ ಇತ್ಯಾದಿ ಬರೆದಿಟ್ಟುಕೊಳ್ಳಲು ಜನ ಅದನ್ನು ಬಳಸತೊಡಗಿದ್ದರು.

ಒಂದೆರಡು ದಿನದಲ್ಲಿ ದೂರು ಬಂತು: ಬರೆದಿಟ್ಟದ್ದು ಕಾಣೆಯಾಗುತ್ತಿದೆ. ಯಾರೂ ಕಳ್ಳತನ ಮಾಡಿರಲಿಲ್ಲ. ಆ ತಾಣದಲ್ಲಿ ಟಿಪ್ಪಣಿಯನ್ನು ಅಳಿಸುವ 'ಡಿಲೀಟ್' ಕೂಡ ಬೇರೆಲ್ಲ ಲಿಂಕುಗಳ ಹಾಗೆ ಒಂದು ಲಿಂಕು. ಗೂಗಲ್ಲಿನ ತಂತ್ರಾಂಶ ಪುಟದ ಲಿಂಕುಗಳನ್ನು ಶ್ರದ್ಧೆಯಿಂದ ಒಂದೊಂದಾಗಿ ತೆರೆಯುತ್ತ ಹೋಯಿತು, ಡಿಲೀಟನ್ನೂ ತೆರೆಯಿತು. "ಖಂಡಿತ ಅಳಿಸಬೇಕೇ?" ಎಂದು ಕೇಳುವ ಪೆಟ್ಟಿಗೆ ಇತ್ತಲ್ಲ ಎಂದರೆ, ಅದು ಮನುಷ್ಯ ಒತ್ತಿದಾಗ ಮಾತ್ರ ಓಡುವ ಸ್ಕ್ರಿಪ್ಟು. ಯಂತ್ರ ಅದನ್ನು ಓಡಿಸಲೇ ಇಲ್ಲ. ಲಾಗಿನ್ ಆಗಿರುವ ಬಳಕೆದಾರರ ಗುರುತು ಹೊತ್ತೇ ಬೇಡಿಕೆ ಹೋಗುತ್ತಿದ್ದುದರಿಂದ, ಯಜಮಾನರೇ ಹೇಳುತ್ತಿದ್ದಾರೆ ಎಂದು ಸರ್ವರ್ ಎಲ್ಲವನ್ನೂ ವಿಧೇಯವಾಗಿ ಅಳಿಸಿತು.

ತಪ್ಪು ಯಾರದು ಎಂಬ ಜಗಳ ಜೋರಾಗಿಯೇ ನಡೆಯಿತು. ನಿಯಮಪುಸ್ತಕ ಗೂಗಲ್ಲಿನ ಪರವಾಗಿತ್ತು. 1999ರ ಎಚ್‌ಟಿಟಿಪಿ ನಿಯಮಾವಳಿಯ ಪ್ರಕಾರ ಲಿಂಕು ಒತ್ತಿದಾಗ ಹೋಗುವ 'ಗೆಟ್' ಎಂಬ ಬೇಡಿಕೆ ಕೇವಲ ತರುವುದಕ್ಕಾಗಿ ಇರಬೇಕು. ಅದರಿಂದ ಸರ್ವರಿನಲ್ಲಿ ಏನೂ ಅಳಿಯಬಾರದು, ಬದಲಾಗಬಾರದು. ಬದಲಾಯಿಸಲು 'ಪೋಸ್ಟ್' ಎಂಬ ಬೇರೆ ಬಗೆಯ ಬೇಡಿಕೆ ಇದೆ. ತಾಣ ಕಟ್ಟುವವರ ವಾದ ಇನ್ನೊಂದು: ಲೋಕದಲ್ಲಿ ಎಲ್ಲರೂ ಹೀಗೇ ಲಿಂಕು ಇಡುತ್ತಾರೆ, ಗೂಗಲ್ ಅದನ್ನು ಕಂಡಿರಲಿಲ್ಲವೇ? ನನ್ನ ಮಟ್ಟಿಗೆ ನಿಯಮ ಸರಿ, ಗೂಗಲ್ ಮಾಡಿದ್ದು ತಪ್ಪು. ಟಿಪ್ಪಣಿ ಕಳೆದುಕೊಂಡವನು ಎಚ್‌ಟಿಟಿಪಿ ನಿಯಮಾವಳಿ ಓದಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಜೂಜು ಕಟ್ಟಿದವರು ಎರಡು ಕಂಪನಿಯವರು, ಸೋತದ್ದು ಆತ. ಕೆಲವೇ ದಿನಗಳಲ್ಲಿ ಗೂಗಲ್ ಡೌನ್‌ಲೋಡ್ ನಿಲ್ಲಿಸಿ, ಬಳಕೆದಾರರ ಸಂಖ್ಯೆ ಮಿತಿ ಮುಟ್ಟಿದೆ ಎಂಬ ಕಾರಣ ಕೊಟ್ಟಿತು. ತಂತ್ರಾಂಶ ಮತ್ತೆ ಬಂದು, ಕುಂಟುತ್ತ ಸಾಗಿ, 2008ರ ಜನವರಿಯಲ್ಲಿ ಕಣ್ಣುಮುಚ್ಚಿತು.

ಇದು ಹಳೆಯ ಪುರಾಣ ಎಂದು ತಳ್ಳಿಹಾಕುವ ಹಾಗಿಲ್ಲ. ನಮ್ಮೂರ ಪುಸ್ತಕದಂಗಡಿಯ ತಾಣ ಓಡುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ, ಮಾರಾಟಕ್ಕೆ ವೂಕಾಮರ್ಸ್. ಅದರಲ್ಲಿ 'ಬುಟ್ಟಿಗೆ ಹಾಕಿ' ಎಂಬ ಗುಂಡಿಯ ಕೆಳಗೆ ಇವತ್ತಿಗೂ ಅಡಗಿರುವುದು ಪ್ರಶ್ನಾರ್ಥಕ ಚಿಹ್ನೆಯ ಬಾಲವುಳ್ಳ ಒಂದು ಲಿಂಕೇ. ಮುಂಗಡ ತರುವ ಯಂತ್ರ ಅದನ್ನು ಮುಟ್ಟಿದರೆ ಗಿರಾಕಿ ಕೇಳದ ಪುಸ್ತಕ ಬುಟ್ಟಿಗೆ ಬಿದ್ದೀತು. 2025ರ ಏಪ್ರಿಲಿನಲ್ಲಿ ಬಂದ ವರ್ಡ್‌ಪ್ರೆಸ್ 6.8ರಲ್ಲಿ ಪ್ರಿಫೆಚ್ ತಾನಾಗಿಯೇ ಚಾಲೂ ಇರುತ್ತದೆ ಎಂದು ಓದಿದ ಕೂಡಲೇ ನಾನು ಮೊದಲು ಹುಡುಕಿದ್ದು ಇದನ್ನು. ಕಟ್ಟಿದವರು 2005ನ್ನು ಮರೆತಿಲ್ಲ. ಬಾಲವುಳ್ಳ ಲಿಂಕುಗಳನ್ನು ಅದು ಮುಟ್ಟುವುದಿಲ್ಲ. ಲಾಗಿನ್ ಪುಟ, ಆಡಳಿತದ ಪುಟಗಳ ಗೋಜಿಗೂ ಹೋಗುವುದಿಲ್ಲ. ಲಾಗಿನ್ ಆಗಿ ಕೂತವರಿಗಂತೂ ಈ ಸೌಲಭ್ಯವೇ ಇಲ್ಲ. ಕನ್ನಡದ ಎಷ್ಟೋ ಪತ್ರಿಕೆಗಳು, ಬ್ಲಾಗುಗಳು ವರ್ಡ್‌ಪ್ರೆಸ್ ಮೇಲೇ ಇವೆ. ಅಂಥ ತಾಣಗಳನ್ನು ಓದುವವರು ತಮಗೆ ಗೊತ್ತಿಲ್ಲದೆಯೇ ಈ ಏರ್ಪಾಟಿನೊಳಗೆ ಬಂದಿದ್ದಾರೆ.

ನಡುವಿನ ಚರಿತ್ರೆಯನ್ನು ಬೇಗ ದಾಟಿಬಿಡೋಣ. 2011ರಲ್ಲಿ ಕ್ರೋಮ್ ಬ್ರೌಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪುಟವನ್ನು ತರುವುದಷ್ಟೇ ಸಾಲದೆಂದು ಕಾಣದ ಕಿಟಕಿಯೊಂದರಲ್ಲಿ ಪೂರ್ತಿ ಬಿಡಿಸಿಟ್ಟುಕೊಳ್ಳತೊಡಗಿತು: ಚಿತ್ರ, ಸ್ಕ್ರಿಪ್ಟು, ಎಲ್ಲ. ಇದಕ್ಕೆ ಪ್ರಿರೆಂಡರ್ ಎಂದು ಹೆಸರು. ಒತ್ತಿದಾಗ ಪರದೆ ಸರಿಸಿದರೆ ಸಾಕು. ಆದರೆ ಮೆಮೊರಿ ತಿನ್ನುತ್ತಿತ್ತು, ಸಂಭಾಳಿಸುವುದು ಕಷ್ಟವಾಗಿತ್ತು. 2017ರಲ್ಲಿ ಅದನ್ನು ಕೈಬಿಟ್ಟು ಹಗುರವಾದ ಬದಲಿ ವ್ಯವಸ್ಥೆ ತಂದರು. 2023ರ ಹೊತ್ತಿಗೆ ಹೊಸದಾಗಿ ಕಟ್ಟಿ ಮತ್ತೆ ತಂದರು. ಈಗ ನಮ್ಮಂಥವರು ಪುಟದೊಳಗೆ ಒಂದು ನಿಯಮಪಟ್ಟಿ ಬರೆದಿಡುತ್ತೇವೆ: ಯಾವ ಲಿಂಕುಗಳು, ತರಬೇಕೋ ಬಿಡಿಸಿಡಬೇಕೋ, ಎಷ್ಟು ಆತುರ. ಆತುರಕ್ಕೆ ಮಟ್ಟಗಳಿವೆ. ಒಂದರಲ್ಲಿ ಪುಟ ತೆರೆದ ಕೂಡಲೇ. ಇನ್ನೊಂದರಲ್ಲಿ ಬಾಣ 200 ಮಿಲಿಸೆಕೆಂಡು ನಿಂತಾಗ. ಅತ್ಯಂತ ಸಂಯಮದ್ದರಲ್ಲಿ ಗುಂಡಿ ಒತ್ತಿದಾಗ ಅಥವಾ ಬೆರಳು ತಾಗಿದಾಗ. ವರ್ಡ್‌ಪ್ರೆಸ್ ತನ್ನಷ್ಟಕ್ಕೆ ಆರಿಸಿಕೊಂಡಿರುವುದು ಈ ಕೊನೆಯದನ್ನು.

ಬೆರಳು ತಾಗಿದ ಮೇಲೆ ತರುವುದರಲ್ಲಿ ಏನು ಮುಂಗಡ ಬಂತು ಎಂದು ಗಿರಾಕಿಯೊಬ್ಬರು ನಕ್ಕರು. ಗುಂಡಿ ಅಥವಾ ಬೆರಳು ಕೆಳಗಿಳಿದ ಕ್ಷಣಕ್ಕೂ ಮೇಲೆದ್ದ ಕ್ಷಣಕ್ಕೂ ನಡುವೆ ಹತ್ತನೇ ಒಂದು ಸೆಕೆಂಡಿನ ಆಸುಪಾಸು ಹೊತ್ತು ಇರುತ್ತದೆ. ಬ್ರೌಸರ್ ಕ್ಲಿಕ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎದ್ದ ಮೇಲೆ. ಆ ಚೂರು ಹೊತ್ತನ್ನು ಕದಿಯುವುದು, ಅಷ್ಟೇ. ಲಾಭ ಸಣ್ಣದು, ಆದರೆ ಬೆರಳಿಟ್ಟವರು ತೆರೆಯದೆ ಹೋಗುವುದು ಅಪರೂಪವಾದ್ದರಿಂದ ನಷ್ಟ ಹತ್ತಿರಹತ್ತಿರ ಸೊನ್ನೆ. ಬಾಣ ಸುಳಿದಾಡಿದ ಮಾತ್ರಕ್ಕೆ ತರುವುದರಲ್ಲಿ ಲಾಭ ದೊಡ್ಡದು, ಹುಸಿಹೋಗುವ ಊಹೆಗಳೂ ಅಷ್ಟೇ ಹೆಚ್ಚು. ಈ ವ್ಯಾಪಾರ ಕಂಪ್ಯೂಟರಿನಲ್ಲಿ ಮಾತ್ರ ಕುದುರುತ್ತದೆ. ಫೋನಿನಲ್ಲಿ ಸುಳಿದಾಡಲು ಬಾಣವೇ ಇಲ್ಲ.

ಹುಸಿಯಾದ ಊಹೆಗೆ ಡೇಟಾ ಎಷ್ಟು ಹೋಗುತ್ತದೆ? ಬರೀ ಪ್ರಿಫೆಚ್ ಆದರೆ ಭಯಪಡುವಂಥದ್ದಲ್ಲ, ಬರುವುದು ಪುಟದ ಮೂಲಪಠ್ಯ ಮಾತ್ರ, ಕೆಲವು ಹತ್ತು ಕೆಬಿ. ಪ್ರಿರೆಂಡರ್ ಹಾಗಲ್ಲ. ಈಗಿನ ಸಾಧಾರಣ ಪುಟವೊಂದರ ಒಟ್ಟು ತೂಕ 2 ಎಂಬಿ ದಾಟುತ್ತದೆ. ಅಂಥ ಹತ್ತು ಪುಟ ಸುಮ್ಮನೆ ಬಿಡಿಸಿಟ್ಟರೆ 20 ಎಂಬಿ. ಮನೆಯಲ್ಲಿ ಫೈಬರ್ ಇದ್ದವರಿಗೆ ಅದು ಲೆಕ್ಕಕ್ಕೇ ಇಲ್ಲ, ತಿಂಗಳ ಕೊನೆಗೆ ಸಣ್ಣ ಡೇಟಾ ವೋಚರು ಹಾಕಿಸಿಕೊಂಡವರಿಗೆ ಇದೆ. ಕ್ರೋಮ್ ಈ ವಿಷಯದಲ್ಲಿ ಸ್ವಲ್ಪ ಕಾಳಜಿ ತೋರಿಸುತ್ತದೆ. ಫೋನ್ ಡೇಟಾ ಉಳಿತಾಯದಲ್ಲಿದ್ದರೆ, ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿದ್ದರೆ, ಮೆಮೊರಿ ಕಮ್ಮಿಯಿದ್ದರೆ ನಮ್ಮ ನಿಯಮಪಟ್ಟಿಯನ್ನು ಅದು ಪಕ್ಕಕ್ಕಿಡುತ್ತದೆ. ಓದುಗನ ಯಂತ್ರ ನಿರ್ಧರಿಸಲಿ ಎಂಬ 1996ರ ಮಾತು ಇದೇ.

ಡೇಟಾಕ್ಕಿಂತ ನನಗೆ ಕಳವಳ ಹುಟ್ಟಿಸುವುದು ಗುಟ್ಟಿನ ವಿಚಾರ. ಯಾವುದೋ ಕಾಯಿಲೆಯ ಹೆಸರು ಹುಡುಕುತ್ತೀರಿ, ಫಲಿತಾಂಶದಲ್ಲಿ ಒಂದು ಆಸ್ಪತ್ರೆಯ ತಾಣ ಕಾಣುತ್ತದೆ. ನೀವು ಒತ್ತಲಿಲ್ಲ. ಆದರೆ ಬ್ರೌಸರ್ ಅದನ್ನು ನೇರವಾಗಿ ಮುಂಗಡ ತಂದಿದ್ದರೆ ನಿಮ್ಮ ಐಪಿ ವಿಳಾಸ ಆ ತಾಣದ ದಾಖಲೆಯಲ್ಲಿ ಕೂತಾಯಿತು. ನೀವು ಹೋಗದ ಮನೆಯ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ. ಊಹೆ ಮಾಡುವ ಯಂತ್ರಗಳಿಗೆಲ್ಲ ಈ ರೋಗ ಇದೆ. 2018ರ ಜನವರಿಯಲ್ಲಿ ಬಯಲಾದ 'ಸ್ಪೆಕ್ಟರ್' ಎಂಬ ದೋಷ ನೆನಪಿರಬಹುದು. ಕಂಪ್ಯೂಟರಿನ ಪ್ರೊಸೆಸರುಗಳು ಮುಂದಿನ ಲೆಕ್ಕವನ್ನು ಊಹಿಸಿ ಮೊದಲೇ ಮಾಡಿಟ್ಟುಕೊಳ್ಳುತ್ತವೆ, ಊಹೆ ಹುಸಿಯಾದರೆ ಅಳಿಸುತ್ತವೆ. ಅಳಿಸಿದರೂ ಉಳಿದುಹೋದ ಸಣ್ಣ ಕುರುಹಿನಿಂದ ಗುಟ್ಟು ಕದಿಯಬಹುದು ಎಂದು ಆಗ ತಿಳಿಯಿತು. ಬ್ರೌಸರಿನವರು ಬೇರೆ ತಾಣಗಳ ಪುಟ ತರುವುದಕ್ಕೆ ಈಗ ಬೇಲಿ ಹಾಕಿದ್ದಾರೆ: ಆ ತಾಣದ ಕುಕಿ ನಿಮ್ಮಲ್ಲಿ ಮೊದಲೇ ಇದ್ದರೆ ಕ್ರೋಮ್ ಅಂಥ ಮುಂಗಡವನ್ನು ಬಳಸುವುದಿಲ್ಲ, ಗೂಗಲ್ ಹುಡುಕಾಟದಿಂದ ತರುವಾಗ ನಡುವೆ ಮಧ್ಯವರ್ತಿ ಸರ್ವರನ್ನು ನಿಲ್ಲಿಸಿ ನಿಮ್ಮ ವಿಳಾಸ ಮರೆಮಾಡುವ ಏರ್ಪಾಟೂ ಇದೆ. ಮಧ್ಯವರ್ತಿ ಗೂಗಲ್ಲೇ ಎಂಬುದನ್ನು ಯೋಚಿಸಿದರೆ ಸಮಾಧಾನ ಎಷ್ಟು ಪಡಬೇಕೋ ನೀವೇ ಹೇಳಿ. ನಾನಂತೂ ನನ್ನ ಗಿರಾಕಿಗಳ ತಾಣದಲ್ಲಿ ಹೊರಗಿನ ಒಂದು ಲಿಂಕನ್ನೂ ಮುಂಗಡಕ್ಕೆ ಸೇರಿಸುವುದಿಲ್ಲ. ಅಂಗಡಿಯೊಳಗಿನ ಪುಟಗಳಿಗೆ ಹೇಗೂ ಗಿರಾಕಿಯ ಪರಿಚಯ ಆಗಿರುತ್ತದೆ, ಅಲ್ಲಿ ಹೊಸದಾಗಿ ಬಯಲಾಗುವ ಗುಟ್ಟು ಕಡಿಮೆ.

ಆತುರದ ಮಟ್ಟವನ್ನು ಪೂರ್ತಿ ಏರಿಸಿ ನಾನು ಪ್ರಿರೆಂಡರ್ ಹಾಕಿರುವುದು ಒಂದೇ ಕಡೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ತಾಣದಲ್ಲಿ ಹಾಕಿದ್ದಾರೆ. ಚಿತ್ರವಿಲ್ಲ, ಜಾಹೀರಾತಿಲ್ಲ, ಬರೀ ಅಕ್ಷರ. ಅಧ್ಯಾಯದ ತುದಿಗೆ ಬಂದ ಓದುಗ ಮುಂದಿನ ಅಧ್ಯಾಯಕ್ಕಲ್ಲದೆ ಇನ್ನೆಲ್ಲಿಗೆ ಹೋದಾನು? 2002ರ ಸುಮಾರಿಗೆ ಮೊಜಿಲ್ಲಾ ಬ್ರೌಸರ್ ಮೊದಲ ಬಾರಿಗೆ ಪ್ರಿಫೆಚ್ ತಂದಾಗಲೂ 'ಮುಂದಿನದು' ಎಂದು ಗುರುತು ಮಾಡಿದ ಲಿಂಕನ್ನು ತಾನಾಗಿ ತರುತ್ತಿತ್ತು, ಅದೂ ತಂತಿ ಖಾಲಿಯಿದ್ದಾಗ ಮಾತ್ರ. ಊಹೆಗೆ ಇಷ್ಟು ಗಟ್ಟಿ ನೆಲ ಬೇರೆಲ್ಲೂ ಸಿಗಲಾರದು. ಓದುತ್ತ ಕೂತಿರುವಷ್ಟು ಹೊತ್ತು ಸಂಪರ್ಕ ಸುಮ್ಮನೆ ಬಿದ್ದಿರುತ್ತದಾದ್ದರಿಂದ ಸಿಗ್ನಲ್ಲಿನ ಒಂದೇ ಗೆರೆಯಲ್ಲೂ ಮುಂದಿನ ಅಧ್ಯಾಯ ಬಂದು ಕೂತಿರುತ್ತದೆ. ಮೇಷ್ಟ್ರಿಗೆ ಇದ್ದ ಚಿಂತೆ ಬೇರೆ: ಹೀಗೆ ಮಾಡಿದರೆ ಓದುಗರ ಎಣಿಕೆ ಸುಳ್ಳೇ ಏರುವುದಿಲ್ಲವೇ? ಏರದಂತೆ ನೋಡಿಕೊಳ್ಳಬಹುದು. ಮುಂಗಡದ ಬೇಡಿಕೆಯ ಮೇಲೆ ಬ್ರೌಸರ್ ಅದು ಮುಂಗಡವೆಂದು ಮುದ್ರೆ ಒತ್ತಿ ಕಳಿಸುತ್ತದೆ, ಎಣಿಸುವ ತಂತ್ರಾಂಶ ಓದುಗ ನಿಜವಾಗಿ ಪುಟಕ್ಕೆ ಬರುವ ತನಕ ಕಾಯಬಲ್ಲದು. ಎಣಿಕೆ ಏರಿದ್ದರೂ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ.

ನಿಮ್ಮ ಬ್ರೌಸರ್ ನಿಮ್ಮ ಬಗ್ಗೆ ಏನೇನು ಊಹಿಸಿದೆ ಎಂಬ ಕುತೂಹಲವಿದ್ದರೆ ಕಂಪ್ಯೂಟರಿನ ಕ್ರೋಮಿನಲ್ಲಿ ವಿಳಾಸ ಬರೆಯುವ ಕಡೆ ಕ್ರೋಮ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಮತ್ತು ಎರಡು ಓರೆಗೆರೆ ಹಾಕಿ, ಪ್ರಿಡಿಕ್ಟರ್ಸ್ ಎಂದು ಸೇರಿಸಿ ನೋಡಿ. ನೀವು ಯಾವ ಅಕ್ಷರ ಹೊಡೆದರೆ ಯಾವ ತಾಣಕ್ಕೆ ಹೋಗುವವರು ಎಂಬ ಪಟ್ಟಿ ಬರುತ್ತದೆ, ಎಷ್ಟು ಸಲ ಊಹೆ ಫಲಿಸಿತು ಎಂಬ ಲೆಕ್ಕದ ಸಮೇತ. ಹಸಿರು ಸಾಲು ಎಂದರೆ ನಂಬಿಕೆ ಶೇಕಡ 80 ಮೀರಿದೆ; ನೀವು ಎಂಟರ್ ಒತ್ತುವ ಮೊದಲೇ ಆ ಪುಟ ಬಿಡಿಸಲು ಅದು ತಯಾರು.

ಬೇಡವೆಂದರೆ ನಿಲ್ಲಿಸಲೂ ಬರುತ್ತದೆ. ಫೋನಿನಲ್ಲಾದರೆ ಕ್ರೋಮಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಪ್ರಿಲೋಡ್ ಪೇಜಸ್. ಕಂಪ್ಯೂಟರಿನಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿದೆ. ಪೂರ್ತಿ ನಿಲ್ಲಿಸಬಹುದು, ಸ್ಟ್ಯಾಂಡರ್ಡ್ ಇಡಬಹುದು, ಎಕ್ಸ್‌ಟೆಂಡೆಡ್ ಮಾಡಬಹುದು. ಮೂರನೆಯದು ಯಾರಿಗೂ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡಿದ್ದರೆ, 2025ರ ತನಕ ಕ್ರೋಮಿನಲ್ಲಿ ಅದು ಮೊದಲೇ ಇದನ್ನೆಲ್ಲ ನಿಲ್ಲಿಸಿಬಿಡುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಸ್ಟ್ಯಾಂಡರ್ಡ್ ಇದೆ. ಅತ್ತೆಯ ಫೋನಿನಲ್ಲಿ ಪೂರ್ತಿ ತೆಗೆದಿದ್ದೇನೆ. ಅವರ ದಿನದ ಒಂದೂವರೆ ಜಿಬಿ ಮಧ್ಯಾಹ್ನದ ಯಕ್ಷಗಾನ ವಿಡಿಯೋಗಳಿಗೇ ಸಾಲುವುದಿಲ್ಲ.